ಕಂತ್ರಿ ನಾಯಿಯದೂ ಒಂದು ಫೋಟೊ ಹಾಕಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬೇಟೆನಾಯಿಗಳ ಲೇಖನ ಓದಿದೆ. ಬೀಗಲ್, ಪಾಯಿಂಟರ್, ಗ್ರೇಹೌಂಡ್ ಎಲ್ಲವೂ ಬಂದಿದ್ದವು, ಫೋಟೊಗಳೂ ಚೆನ್ನಾಗಿದ್ದವು. ಆದರೆ ಬೆರಕೆ ನಾಯಿಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ ಎಂದು ಲೇಖಕರು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡದ್ದು ಕಂಡು ಸುಮ್ಮನಿರಲು ಆಗಲಿಲ್ಲ. ಹನ್ನೊಂದು ವರ್ಷ ನನ್ನ ಜೊತೆ ಪೊದೆ ಪೊದೆ ಸುತ್ತಿದ ಕೆಂಚ ಅಪ್ಪಟ ಕಂತ್ರಿ. ತಾಯಿ ಸ್ಪ್ಯಾನಿಯಲ್, ಅಪ್ಪ ಯಾರೆಂದು ತಾಯಿಯೂ ಹೇಳಲಿಲ್ಲ. ಒಂದು ಕಿವಿ ಜೋಲು, ಇನ್ನೊಂದು ಅರ್ಧ ನಿಮಿರಿ ಅಲ್ಲೇ ಮಡಚಿಕೊಂಡದ್ದು. ಮೈಗೆ ಹೊಂದದ ಉದ್ದನೆಯ ಕಾಲು. ನೋಡಿದವರೆಲ್ಲ ನಗುತ್ತಿದ್ದರು.

ಮೊಲದ ಬೇಟೆ ಎಂದರೆ ಓಟದ ಪಂದ್ಯ ಎಂದುಕೊಂಡವರು ಬಹಳ ಮಂದಿ. ಓಡಿ ಮೊಲವನ್ನು ಗೆಲ್ಲುವುದು ಸುಲಭವಲ್ಲ. ಹಿಂಗಾಲು ಉದ್ದವಿರುವುದರಿಂದ ಏರು ಸಿಕ್ಕಿತೆಂದರೆ ನಾಯಿಯನ್ನು ಹಿಂದೆ ಹಾಕಿಬಿಡುತ್ತದೆ. ಅದಕ್ಕಿಂತ ದೊಡ್ಡದು ಅದರ ಕಳ್ಳಬುದ್ಧಿ. ಹಕ್ಕೆಗೆ ಹೋಗಿ ಮಲಗುವ ಮುಂಚೆ ಬಂದ ಜಾಡಿನಲ್ಲೇ ಒಂದಷ್ಟು ದೂರ ವಾಪಸು ನಡೆದು, ಅಲ್ಲಿಂದ ಪಕ್ಕಕ್ಕೆ ಉದ್ದಕ್ಕೆ ಹಾರಿಬಿಡುತ್ತದೆ. ಮೂಸುತ್ತ ಬಂದ ನಾಯಿಗೆ ವಾಸನೆ ಅಲ್ಲಿಗೆ ಫಕ್ಕನೆ ನಿಂತುಹೋಗುತ್ತದೆ.

ಕೆಂಚನೂ ಮೊದಲ ವರ್ಷ ಅಲ್ಲಿಗೆ ಬಂದು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತಿದ್ದ. ಆಮೇಲೆ ಅವನೇ ಒಂದು ಉಪಾಯ ಕಂಡುಕೊಂಡ, ನಾನೇನೂ ಕಲಿಸಿದ್ದಲ್ಲ. ವಾಸನೆ ತಪ್ಪಿದ ಜಾಗ ಬಿಟ್ಟು, ಅದನ್ನೇ ನಡುವೆ ಇಟ್ಟುಕೊಂಡು ಒಂದು ಸುತ್ತು ಹಾಕುವುದು. ಸಿಗಲಿಲ್ಲವೇ, ಇನ್ನಷ್ಟು ದೊಡ್ಡ ಸುತ್ತು. ಮೂಗು ನೆಲಕ್ಕೆ, ಬಾಲ ಗಡಿಯಾರದ ಲೋಲಕದ ಹಾಗೆ. ಜಾಡು ಮತ್ತೆ ಸಿಕ್ಕಿದ ಗಳಿಗೆಯಲ್ಲಿ ಬಾಲದ ಆಟ ನಿಂತು ತುದಿ ಮಾತ್ರ ನಡುಗುತ್ತಿತ್ತು. ನಾನು ಉಸಿರು ಬಿಗಿಹಿಡಿಯುತ್ತಿದ್ದದ್ದು ಆಗಲೇ. ಇದೆಲ್ಲ ಇಬ್ಬನಿ ಆರುವ ಮುಂಚಿನ ಮಾತು. ನೆಲ ಒಣಗಿ ಬಿಸಿಲೇರಿದ ಮೇಲೆ ಎಂಥ ಮೂಗೂ ಕೆಲಸಕ್ಕೆ ಬಾರದು.

ಎದ್ದ ಮೊಲ ತನ್ನ ಜಾಗ ಬಿಟ್ಟು ದೂರ ಹೋಗುವುದು ಕಡಿಮೆ, ಸುತ್ತು ಹೊಡೆದು ಅಲ್ಲಿಗೇ ಬರುತ್ತದೆ. ಕೆಂಚ ಸೋವಿಕೊಂಡು ಬರುತ್ತಿದ್ದ, ನಾನು ಮೊಲ ಎದ್ದ ಜಾಗದಲ್ಲೇ ಅಲುಗಾಡದೆ ನಿಲ್ಲುತ್ತಿದ್ದೆ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹಿಂದಿನದು ಕಂಡಷ್ಟು ನೇರ ಎದುರಿನದು ಕಾಣದು. ಒಂದು ಸಲ ಸೀದಾ ನನ್ನ ಬೂಟಿನ ತನಕ ಬಂದುಬಿಟ್ಟಿತು. ನಾನು ಹೆದರಿ ಹಾರಿದೆ. ಕೋವಿ ಕೈಯಲ್ಲೇ ಇತ್ತು. ಹಿಂದೆಯೇ ಬಂದ ಕೆಂಚ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ನಾನು ಮಾಡಿದ ತಪ್ಪೂ ಒಂದಿದೆ. ಎರಡನೇ ವರ್ಷ, ಗಡಿಬಿಡಿಯಲ್ಲಿ ಅವನು ಎಲ್ಲಿದ್ದಾನೆಂದು ನೋಡದೆ ಈಡು ಹಾರಿಸಿಬಿಟ್ಟೆ. ಒಂದು ಚರೆ ಜೋಲು ಕಿವಿಯನ್ನು ತೂರಿಕೊಂಡು ಹೋಯಿತು. ಗಾಯ ಮಾಯಿತು, ತೂತು ಉಳಿಯಿತು. ಅವನು ಬಿಸಿಲಿಗೆ ಬೆನ್ನು ಮಾಡಿ ಕೂತಾಗ ಆ ತೂತಿನಿಂದ ಕಾಳಿನಷ್ಟು ಬೆಳಕು ನೆಲಕ್ಕೆ ಬೀಳುತ್ತಿತ್ತು. ಆಮೇಲೆ ನಾಯಿ ಕಣ್ಣಿಗೆ ಬೀಳದೆ ನಾನು ಕೋವಿ ಎತ್ತಿದ್ದೇ ಇಲ್ಲ. ಎಷ್ಟು ಮೊಲ ತಪ್ಪಿಸಿಕೊಂಡವೋ.

ಲೇಖಕರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಲರ್ಚರ್ ಎಂಬ ನಾಯಿ ಇದೆ. ಗ್ರೇಹೌಂಡಿನಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿ ನಾಯಿಯನ್ನೋ ಟೆರಿಯರನ್ನೋ ಬೇಕೆಂದೇ ಬೆರೆಸಿ, ಮೊಲದ ಬೇಟೆಗೆಂದು ಮಾಡಿಕೊಂಡ ಬೆರಕೆ ಅದು. ಒಂದರ ಕಾಲು, ಇನ್ನೊಂದರ ತಲೆ ಸಿಗಲಿ ಎಂಬ ಆಸೆ. ಎಲ್ಲ ಮರಿಗಳಲ್ಲೂ ಆ ಆಸೆ ಕೈಗೂಡುವುದಿಲ್ಲ, ಒಪ್ಪುತ್ತೇನೆ. ಕೆಂಚನ ಒಡಹುಟ್ಟಿದ ಒಂದು ಮರಿ ಪಟಾಕಿ ಸದ್ದಿಗೇ ಮಂಚದ ಕೆಳಗೆ ಸೇರುತ್ತಿತ್ತು.

ಕೋವಿ ಕೆಳಗಿಟ್ಟು ದಶಕಗಳೇ ಆದವು. ಬೇಟೆ ನಿಲ್ಲಿಸಿದ ಕಾನೂನಿನ ಮೇಲೆ ನನಗೆ ತಕರಾರಿಲ್ಲ. ಬಿಟ್ಟ ಮೇಲೂ ಒಂದು ಬೆಳಗ್ಗೆ ಕೆಂಚನನ್ನು ಕರೆದುಕೊಂಡು ಹೋಗಿದ್ದೆ, ಬರಿಗೈಯಲ್ಲಿ. ಆಗಲೇ ಅವನಿಗೆ ಕಿವಿ ಮಂದವಾಗಿತ್ತು. ನಿಧಾನಕ್ಕೆ ಸುತ್ತು ಹಾಕಿ, ಹುಲ್ಲಿನಲ್ಲಿ ಒತ್ತಿಕೊಂಡಿದ್ದ ಮೊಲವನ್ನು ಹುಡುಕಿಯೇ ಬಿಟ್ಟ. ನಾನು ಚಪ್ಪಾಳೆ ತಟ್ಟಿದೆ, ಅದು ಎದ್ದು ಹೋಯಿತು. ಇವನು ಅಟ್ಟಲಿಲ್ಲ. ನನ್ನ ಖಾಲಿ ಕೈಯನ್ನೊಮ್ಮೆ ಮೂಸಿ ಮನೆ ಕಡೆ ಹೊರಟ.

ಮುಂದಿನ ಸಲ ನಾಯಿಗಳ ಪುಟ ಮಾಡುವಾಗ ಒಂದು ಕಂತ್ರಿಯ ಫೋಟೊವನ್ನೂ ಹಾಕಿ. ಕೆಂಚನದು ನನ್ನ ಬಳಿ ಒಂದೇ ಒಂದಿದೆ, ಕಪ್ಪು ಬಿಳುಪು. ಅದರಲ್ಲೂ ಕ್ಯಾಮೆರಾಗೆ ಬೆನ್ನು ಹಾಕಿ ಏನನ್ನೋ ಮೂಸುತ್ತಿದ್ದಾನೆ. ಕಳಿಸಲೇ?

ಇಂತಿ,
ನಿಮ್ಮ ಹಳೆಯ ಓದುಗ