ಓದಿ ಹೇಳುವ ತಂತ್ರಾಂಶ ನಮ್ಮ ಶಾಲೆಗೂ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವಳು. ಮಗಳು ಒಂಬತ್ತನೇ ತರಗತಿ. ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ ಇದೆ. ಪಾಠ ಓದಿ ಹೇಳಿದರೆ ಒಂದೇ ಸಲಕ್ಕೆ ಹಿಡಿಯುತ್ತಾಳೆ. ತಾನೇ ಓದಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾಳೆ. ಬರೆಯುವಾಗ ದೀರ್ಘ ಬಿಟ್ಟುಹೋಗುತ್ತದೆ, ಅಕ್ಷರ ಅದಲುಬದಲಾಗುತ್ತವೆ. ಸಣ್ಣವಳಿದ್ದಾಗಿನಿಂದ "ದಡ್ಡಿ" ಅನ್ನಿಸಿಕೊಂಡೇ ಬಂದಿದ್ದಾಳೆ. ಇನ್ನು ಸಹಿಸಲು ನನ್ನಿಂದ ಆಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಮಗೆ ಗೊತ್ತೇ ಇದೆ. ಅದು ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಇಂಥ ಮಕ್ಕಳಿಗೆ ಕಲಿಯಲು ನೆರವಿನ ಸಾಧನ ಕೊಡಿ, ಪರೀಕ್ಷೆಯಲ್ಲಿ ಅನುಕೂಲ ಮಾಡಿಕೊಡಿ ಎನ್ನುವ 17ನೇ ಸೆಕ್ಷನ್ ಬಗ್ಗೆ ನಿಮಗೆ ನಾನು ಹೇಳಬೇಕಾ? ಬೆಂಗಳೂರಿಗೆ ಓಡಾಡಿ ಸರ್ಟಿಫಿಕೇಟ್ ಕೂಡ ಮಾಡಿಸಿದ್ದೇವೆ.

ಮನೆಯಲ್ಲಿ ನನ್ನ ಮೊಬೈಲ್ ಕನ್ನಡ ಪಾಠ ಓದಿ ಹೇಳುತ್ತದೆ. ಮಗಳು ಬೆರಳಿಟ್ಟುಕೊಂಡು ಜೊತೆಗೇ ಓದುತ್ತಾಳೆ. ಉತ್ತರವನ್ನು ಬಾಯಲ್ಲಿ ಹೇಳಿದರೆ ಅದೇ ಟೈಪ್ ಮಾಡುತ್ತದೆ. ಶಾಲೆಗೆ ಮೊಬೈಲ್ ತರಬಾರದು, ಸರಿ. ಶಾಲೆಯ ಕಂಪ್ಯೂಟರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಡಿ, ಅದಕ್ಕೆ ಒಂದು ರೂಪಾಯಿಯೂ ಬೇಡ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. "ಇಕಿ ಕಣ್ಣು ಛಲೋ ಅವ ಅಲ್ಲ? ಅದೆಲ್ಲ ಕಣ್ಣು ಕಾಣದವರಿಗೆ" ಅಂದರು. ಅಷ್ಟಕ್ಕೇ ಬಿಡಲಿಲ್ಲ. ಅವಳನ್ನು ತರಗತಿಯ ಮುಂದೆ ನಿಲ್ಲಿಸಿ, ಪ್ರಶ್ನೆಪತ್ರಿಕೆ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಅಂದರು. ಅವಳು ತಡವರಿಸಿದಳು, ಮಕ್ಕಳು ನಕ್ಕರು. ಸರ್ ನಿಲ್ಲಿಸು ಅನ್ನಲಿಲ್ಲ. ಪುಟ ಮುಗಿಯುವವರೆಗೂ ಓದಿಸಿದರು. ಮರುದಿನ ಮಗಳು ಚೀಲ ಮುಟ್ಟಲಿಲ್ಲ. ಸಚಿವರೇ, ಇದು ಪಾಠ ಹೇಳುವ ರೀತಿಯಾ? ಕಂಪ್ಯೂಟರ್ ಕೋಣೆಯ ಬೀಗ ಮಾತ್ರ ಇವತ್ತಿಗೂ ತೆಗೆದಿಲ್ಲ.

ಓದಿ ಹೇಳುವ ತಂತ್ರಾಂಶ ಕೊಡಿ. ಪರೀಕ್ಷೆಯಲ್ಲೂ ಬಳಸಲು ಬಿಡಿ. ಹೆಚ್ಚುವರಿ ಸಮಯ, ಬರೆದುಕೊಡುವವರು ಇದ್ದಾರಲ್ಲ ಎನ್ನಬೇಡಿ. ವರ್ಷವಿಡೀ ಓದಲು ಆಗದ ಮಗು ಪರೀಕ್ಷೆಯ ದಿನ ಏನು ಹೇಳಿ ಬರೆಸಬೇಕು?

ಇನ್ನೊಂದು ವಿಷಯ. ಶಾಲೆಯವರು ಕೊಡುವ ನೋಟ್ಸ್, ಮಾದರಿ ಪ್ರಶ್ನೆಪತ್ರಿಕೆ ಎಲ್ಲ ಹಳೆಯ ನುಡಿ ಫಾಂಟಿನಲ್ಲಿವೆ. ನಮ್ಮ ಕಣ್ಣಿಗೆ ಅದು ಕನ್ನಡ. ತಂತ್ರಾಂಶಕ್ಕೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಏನೇನೋ ಓದುತ್ತದೆ. ಎಲ್ಲವನ್ನೂ ಯೂನಿಕೋಡ್‌ನಲ್ಲೇ, ಅಂದರೆ ತಂತ್ರಾಂಶಕ್ಕೂ ಕನ್ನಡವೆಂದೇ ತಿಳಿಯುವ ಅಕ್ಷರಗಳಲ್ಲೇ ಕೊಡಲು ಹೇಳಿ.

ಬರುವ ವರ್ಷ ಅವಳ ಎಸ್‌ಎಸ್‌ಎಲ್‌ಸಿ. ಬೇಸಿಗೆ ರಜೆ ಮುಗಿಯುವುದರೊಳಗೆ ಸುತ್ತೋಲೆ ಹೊರಡಿಸಿ. ತಂತ್ರಾಂಶ ಕೊಡಿ, ಪರೀಕ್ಷೆಯಲ್ಲಿ ಬಳಸಲು ಬಿಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಾಯಿ
ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ