ಮಗಳಿಗೊಂದು ಪತ್ರ: ಹೊಳಪಿಗೆ ಮರುಳಾಗಬೇಡ

ಪ್ರೀತಿಯ ಮಗಳೇ,

ಬೇಟೆಗೆ ಕೊಳ್ಳಬೇಕೆಂದು ನೀನು ಕಳಿಸಿದ ಎರಡೂ ವಿಂಚೆಸ್ಟರ್ 94ಗಳ, ಅಂದರೆ ಟ್ರಿಗರ್ ಸುತ್ತಲಿನ ಲಿವರ್ ಎಳೆದು ತೋಟಾ ಏರಿಸುವ ಅಮೆರಿಕನ್ ಕೋವಿಗಳ, ಫೋಟೊ ನೋಡಿದೆ. ಪಳಪಳ ಹೊಳೆಯುತ್ತಿದೆಯಲ್ಲ, ಅದನ್ನು ಬಿಟ್ಟುಬಿಡು. ಲೋಹ ಉಜ್ಜಿ ಮತ್ತೆ ಬ್ಲೂಯಿಂಗ್, ಅಂದರೆ ತುಕ್ಕು ತಡೆಯುವ ನೀಲಿಗಪ್ಪು ಬಣ್ಣ, ಮಾಡಿಸಿದ ಕೋವಿ ಅದು. ಸ್ಕ್ರೂ ತೂತಿನ ಅಂಚುಗಳು ತಗ್ಗಿವೆ, ನಳಿಗೆ ಮೇಲಿನ ಅಕ್ಷರಗಳು ಮಸುಕಾಗಿವೆ. ಅಷ್ಟು ಉಜ್ಜಿದ ಮೇಲೆ ಮೊದಲು ತುಕ್ಕು ಎಲ್ಲಿತ್ತೆಂದು ಯಾರೂ ಹೇಳಲಾರರು. ಇನ್ನೊಂದರ ರಿಸೀವರ್ (ನಳಿಗೆಯ ಹಿಂದಿನ, ಯಂತ್ರಭಾಗವಿರುವ ಲೋಹದ ಪೆಟ್ಟಿಗೆ) ಅಡಿಯಲ್ಲಿ ಬಣ್ಣ ಹೋಗಿ ಬೆಳ್ಳಗಾಗಿದೆ. ಅದಕ್ಕೆ ಹೆದರಬೇಡ, ಕಾಡಿನಲ್ಲಿ ನಡೆಯುವಾಗ ಕೈ ಹಿಡಿಯುವುದೇ ಅಲ್ಲಿ.

ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿಯನ್ನು ಕಂಪನಿ 1964ರಲ್ಲಿ ಖರ್ಚು ಉಳಿಸಲೆಂದು ಬದಲಿಸಿತು. ತೋಟಾ ಎತ್ತುವ ಲಿಫ್ಟರ್ ತಗಡಿನದಾಯಿತು, ಗಟ್ಟಿ ಪಿನ್ನಿನ ಜಾಗಕ್ಕೆ ಟೊಳ್ಳು ಪಿನ್ ಬಂತು. ಸೀರಿಯಲ್ ನಂಬರ್ 27 ಲಕ್ಷಕ್ಕಿಂತ ಕೆಳಗಿದ್ದರೆ ಹಳೆಯದು. ಆಮೇಲಿನದೂ ಜಿಂಕೆಗೆ ಸಾಕು, ಆದರೆ ಹಳೆಯದರ ಬೆಲೆ ಕೊಡಬೇಡ.

ಅಂಗಡಿಯಲ್ಲಿ ಮೊದಲು ಲಿವರ್ ತೆರೆದು ತೋಟಾ ಕೂರುವ ಚೇಂಬರ್, ತೋಟಾ ತುಂಬಿಡುವ ಮ್ಯಾಗಜಿನ್ ಎರಡೂ ಖಾಲಿ ಇವೆಯೇ ಎಂದು ಕಣ್ಣಾರೆ ನೋಡು. ಲಿವರ್ ಮುಚ್ಚಿದಾಗ ಚೇಂಬರ್ ಮುಚ್ಚುವ ಬೋಲ್ಟಿನ ಹಿಂದೆ, ಅದನ್ನು ಬಿಗಿಹಿಡಿಯುವ ಲಾಕಿಂಗ್ ಬ್ಲಾಕ್ ಪೂರ್ತಿ ಮೇಲೇರಬೇಕು. ತೋಟಾ ಸಿಡಿಸುವ ಸುತ್ತಿಗೆಯಾದ ಹ್ಯಾಮರನ್ನು ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತು. ಜಾರಿದರೆ ಒಳಗಿನ ಕಚ್ಚು ಸವೆದಿದೆ ಎಂದರ್ಥ. ಹಾಫ್‌ಕಾಕ್‌ನಲ್ಲಿಟ್ಟು (ಹ್ಯಾಮರ್ ಅರ್ಧ ಎಳೆದಾಗ ನಿಲ್ಲುವ ಕಚ್ಚು) ಟ್ರಿಗರ್ ಒತ್ತಿದರೂ ಹ್ಯಾಮರ್ ಬೀಳಬಾರದು. ಬಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬೇಡ. ಟಾರ್ಚ್ ಬಿಟ್ಟು ನಳಿಗೆಯೊಳಗೆ ನೋಡು, ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಬಾಯಿಯ ಅಂಚನ್ನಂತೂ ಭೂತಗನ್ನಡಿ ಹಿಡಿದೇ ನೋಡಬೇಕು. 94ರಲ್ಲಿ ಬಿಚ್ಚದೆ ನಳಿಗೆ ಉಜ್ಜುವ ಸಲಾಕೆಯನ್ನು ಹಿಂದಿನಿಂದ ಹಾಕಲಾಗದು, ಹಾಗಾಗಿ ದಶಕಗಟ್ಟಲೆ ಬಾಯಿ ಕಡೆಯಿಂದಲೇ ತಿಕ್ಕಿರುತ್ತಾರೆ. ಒಳಗಿನ ಗೆರೆಗಳು ತುದಿಯಲ್ಲೇ ಸವೆದರೆ ಗುಂಡು ಹೇಳಿದ ಕಡೆ ಹೋಗುವುದಿಲ್ಲ. ಇದೇ ಬಗೆಯ ಇನ್ನೊಂದು ಲಿವರ್ ಕೋವಿ ಮಾರ್ಲಿನ್ 336ಕ್ಕೆ ಈ ಕಾಟವಿಲ್ಲ. ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟ್ ಈಚೆ ಬರುತ್ತದೆ. ಖಾಲಿ ತೋಟಾ ಪಕ್ಕಕ್ಕೆ ಹಾರುವುದರಿಂದ ಸ್ಕೋಪ್ ಕೂರಿಸುವುದೂ ಸುಲಭ. ನನ್ನನ್ನು ಕೇಳಿದರೆ ಬೇಟೆಗೆ ಅದೇ ಮೇಲು. ಆದರೆ ಕೈಯಲ್ಲಿ ಹಿಡಿದು ದಿನವಿಡೀ ನಡೆಯಲು 94ರಷ್ಟು ಹಗುರ, ಚಪ್ಪಟೆ ಕೋವಿ ಸಿಗದು. ನಿನ್ನ ಮನಸ್ಸೂ ಅಲ್ಲೇ ಇದೆ, ಇರಲಿ.

ತೋಟಾ .30-30 ಅಳತೆಯದು, ಗುಂಡಿನ ತೂಕ 170 ಗ್ರೇನ್, ಚಪ್ಪಟೆ ಮೂತಿಯದನ್ನೇ ತಗೊ. ನಳಿಗೆ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಲೋಹದ ಚೂಪು ಮೂತಿ ಮುಂದಿನ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ತಾಗಿಕೊಂಡಿದ್ದರೆ, ಈಡಿನ ಒದೆತಕ್ಕೆ ಅಲ್ಲೇ ಸಿಡಿಯಬಹುದು. ಚೂಪು ಗುಂಡು ಬೇಕೆಂದರೆ ಮೆತ್ತನೆ ಪಾಲಿಮರ್ ತುದಿಯದಿದೆ. ಇಲ್ಲವೇ ತೋಟಾ ಹಿಂದೆಮುಂದೆ ತಾಗದ, ತಿರುಗುವ ಮ್ಯಾಗಜಿನ್ನಿನ ಸ್ಯಾವೇಜ್ 99 ಕೋವಿ, ಆದರೆ ಅದರ ಬೆಲೆ ಕೇಳಿ ಬೆಚ್ಚಬೇಡ.

100 ಗಜಕ್ಕೆ ಗುರಿ ಕೂಡಿಸಿದರೆ 200 ಗಜದಲ್ಲಿ ಗುಂಡು ಸುಮಾರು 8 ಅಂಗುಲ ಕೆಳಗೆ ಬೀಳುತ್ತದೆ. ಸ್ಕೋಪ್ ಇಲ್ಲದೆ 100 ಗಜ ದಾಟಬೇಡ. ನೀನಿರುವ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಅದಕ್ಕಿಂತ ದೂರ ಕಣ್ಣು ಹಾಯುವುದೂ ಅಪರೂಪ. ಲಿವರನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಬಡಿದು ಮುಚ್ಚು. ಸಂಕೋಚದಿಂದ ಮೆಲ್ಲಗೆ ಎಳೆಯುವವರ ಕೈಯಲ್ಲೇ ತೋಟಾ ಸಿಕ್ಕಿಕೊಳ್ಳುವುದು.

ಈಡು ಹೊಡೆಯದೆ ಹ್ಯಾಮರ್ ಇಳಿಸುವ ಗಳಿಗೆಯೇ ಇದರಲ್ಲಿ ಅತಿ ಅಪಾಯದ್ದು. 1992ಕ್ಕಿಂತ ಹಿಂದಿನವಕ್ಕೆ ಸೇಫ್ಟಿ ಗುಂಡಿ ಇಲ್ಲ. ಗ್ಲೌಸ್ ತೆಗೆ, ಬಾಯಿಯನ್ನು ಮೆತ್ತನೆ ನೆಲಕ್ಕೆ ತಿರುಗಿಸು, ಹೆಬ್ಬೆರಳಲ್ಲಿ ಹ್ಯಾಮರ್ ಗಟ್ಟಿ ಹಿಡಿದು ಟ್ರಿಗರ್ ಒತ್ತು, ಹ್ಯಾಮರ್ ಅಲುಗಿದ ಕೂಡಲೇ ಟ್ರಿಗರ್ ಬಿಟ್ಟು ಮೆಲ್ಲಗೆ ಇಳಿಸು, ಹಾಫ್‌ಕಾಕ್‌ನಲ್ಲಿ ಕೂತಿತೇ ನೋಡು. ತೋಟಾ ಇಲ್ಲದ ಕೋವಿಯಲ್ಲಿ ಬೇಸರ ಬರುವಷ್ಟು ಅಭ್ಯಾಸ ಮಾಡು.

ಲೈಸೆನ್ಸ್ ಇಲ್ಲದೆ ಕೋವಿ ಇಡುವ ಕೊಡಗಿನ ವಿನಾಯಿತಿಯ ಕಥೆ ಪೆನ್ಸಿಲ್ವೇನಿಯಾದಲ್ಲಿ ನಡೆಯದು. ಬೇಟೆಗೆ ಹೋದಾಗ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ ಫ್ಲೋರೊಸೆಂಟ್ ಕಿತ್ತಳೆ ಬಟ್ಟೆ ಕಾಣಬೇಕು. ನಿನ್ನ ಗೆಳತಿ ಎಚ್-1ಬಿ ವೀಸಾದಲ್ಲಿ ಇದ್ದಾಳಲ್ಲ, ಬೇಟೆ ಲೈಸೆನ್ಸ್ ಕೈಗೆ ಬರುವ ತನಕ ಅವಳ ಕೈಗೆ ಕೋವಿ ಕೊಡಬೇಡ. ಅದು ಫೆಡರಲ್ ಕಾನೂನು.

ಸ್ಕ್ರೂಗಳ ಸೀಳು ಕಿತ್ತುಹೋಗಿದ್ದರೆ, ಮರದ ಹಿಡಿ ಟ್ಯಾಂಗಿನ (ರಿಸೀವರಿನಿಂದ ಹಿಂದಕ್ಕೆ ಚಾಚಿದ ಲೋಹದ ಪಟ್ಟಿ) ಹಿಂದೆ ಬಿರಿದಿದ್ದರೆ ಅದನ್ನು ತೋರಿಸಿಯೇ ಚೌಕಾಸಿ ಮಾಡು. ದುಡ್ಡು ಕೊಡುವ ಮುಂಚೆ ನಳಿಗೆ ಬಾಯಿಯ ಫೋಟೊ ಹತ್ತಿರದಿಂದ ತೆಗೆದು ನನಗೆ ಕಳಿಸು.

ನಿನ್ನ
ಅಮ್ಮ