ಮರವಾಗಿ ನಿಂತ ಮಗುವಿಗೂ ಒಂದು ಮಾತು ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. 14 ಸಿನಿಮಾ ಹಾಡಿನ ಡ್ಯಾನ್ಸ್, ಹತ್ತು ನಿಮಿಷದ ಒಂದೇ ಒಂದು ನಾಟಕ. ಅದರ ಕೊನೆಗೆ ಅಜ್ಜನ ವೇಷದ ಹುಡುಗ ಮೈಕ್ ಮುಂದೆ ಬಂದು ‘ಎಲ್ಲರಲ್ಲೂ ದಯೆ ಇರಬೇಕು, ಸ್ನೇಹದಿಂದ ಬಾಳಬೇಕು’ ಎಂದು ಒಪ್ಪಿಸಿದ. ಹಿಂದೆ ಮರಗಳಾಗಿ ನಿಂತಿದ್ದ ಆರು ಮಕ್ಕಳಿಗೆ ನಾಟಕ ಮುಗಿಯುವವರೆಗೂ ಬಾಯಿ ಬಿಡುವ ಅವಕಾಶವೇ ಇರಲಿಲ್ಲ. ದಯೆಯ ನಾಟಕ ಬರೆದವರಿಗೆ ಆ ಆರು ಮಕ್ಕಳು ಕಾಣಲಿಲ್ಲವಲ್ಲ ಎಂದು ಸಂಕಟವಾಯಿತು.

30 ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಒಂದು ವರ್ಷ ಗೋವಿನ ಹಾಡನ್ನು ಆಡಿಸಲು ಹೊರಟೆ. ಅದನ್ನು ನಾವು ಸತ್ಯದ ಕತೆಯೆಂದೇ ಕಲಿಸುತ್ತೇವೆ. ನನ್ನನ್ನು ಹೆಚ್ಚು ಕಾಡುವುದು, ಪುಣ್ಯಕೋಟಿ ಹುಲಿಯ ಬಳಿಗೆ ಹೊರಡುವ ಮುನ್ನ ಉಳಿದ ಹಸುಗಳಲ್ಲಿ ಬೇಡಿಕೊಳ್ಳುವ ಗಳಿಗೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ತಬ್ಬಲಿಯನ್ನು ನಿಮ್ಮ ಕಂದನೆಂದೇ ಕಾಣಿ ಎನ್ನುತ್ತಾಳೆ. ಹಾಡಿನಲ್ಲಿ ಬೇಗ ಮುಗಿದುಹೋಗುವ ಈ ಮಾತನ್ನೇ ಹಿಗ್ಗಿಸಿ ಒಂದು ದೃಶ್ಯ ಮಾಡಿದೆ. ಹಸುಗಳಾದ 18 ಮಕ್ಕಳಿಗೂ ಒಂದೊಂದು ಮಾತು ಬರೆದೆ. ಒಬ್ಬಳು ‘ನನ್ನ ಪಕ್ಕ ಮಲಗ್ಲಿ’ ಎಂದರೆ, ಇನ್ನೊಬ್ಬ ‘ಹೊಳೆಗೆ ನಾನು ಕರ್ಕೊಂಡು ಹೋಗ್ತೀನಿ’ ಎನ್ನುತ್ತಾನೆ.

ಚಿಕ್ಕವರಿಗೆ ಸದಾ ಹೊಡೆಯುತ್ತಿದ್ದ ಒಬ್ಬ ಹುಡುಗ ಹುಲಿಯ ಪಾರ್ಟೇ ಬೇಕೆಂದು ಹಟ ಹಿಡಿದಿದ್ದ. ಅವನಿಗೆ ಕರುವಿನ ಪಾರ್ಟು ಕೊಟ್ಟೆ. ಮೊದಲ ದಿನದ ಪ್ರಾಕ್ಟೀಸಿನಲ್ಲಿ ಕಿಸಿಕಿಸಿ ನಗುತ್ತಲೇ ಇದ್ದ. ಅವನಿಂದ ಪೆಟ್ಟು ತಿಂದಿದ್ದ ಮೂರನೇ ತರಗತಿಯ ಹುಡುಗಿ ಹತ್ತಿರ ಬಂದು ‘ನನ್ನ ಹುಲ್ಲಲ್ಲಿ ಅರ್ಧ ನಿಂಗೆ’ ಎಂದಾಗ ನಗು ನಿಂತಿತು, ತಲೆ ತಗ್ಗಿಸಿದ. ಅಂದಿನಿಂದ ಯಾರಿಗೂ ಹೊಡೆಯಲಿಲ್ಲ ಎಂದರೆ ಸುಳ್ಳಾದೀತು. ಆ ಹುಡುಗಿಯ ಮೈ ಮಾತ್ರ ಮತ್ತೆ ಮುಟ್ಟಲಿಲ್ಲ.

ನಮ್ಮ ತಾಲ್ಲೂಕಿನ ಕುವೆಂಪು ಮಕ್ಕಳಿಗಾಗಿ ಬರೆದ ‘ನನ್ನ ಗೋಪಾಲ’ ನಾಟಕದ ಕತೆ ನೋಡಿ. ಶಾಲೆಗೆ ಹೋಗುವ ಕಾಡುದಾರಿಗೆ ಹೆದರುವ ಬಡ ಹುಡುಗನಿಗೆ ತಾಯಿ ಧೈರ್ಯದ ಉಪದೇಶ ಮಾಡುತ್ತಾ ಕೂರುವುದಿಲ್ಲ, ಕೂಗಿ ಕರೆಯಲು ಗೋಪಾಲನೆಂಬ ಹೆಸರು ಕೊಡುತ್ತಾಳೆ. ಹೆದರಿದ ಮಗುವಿಗೆ ಬೇಕಾಗುವುದು ಜೊತೆ ಎಂದು ಆ ತಾಯಿಗೆ ಗೊತ್ತು. ಮಕ್ಕಳಿಗೆ ಬರೆಯುವ ನಮಗೂ ಅದು ಗೊತ್ತಿರಬೇಕು.

ಇನ್ನು ಕಾದಂಬರಿಯ ಮಾತು. ದಯೆ ತೋರಿಸಲು ಒಂದು ದೃಶ್ಯ ಸಾಕಾದೀತು, ಗೆಳೆತನಕ್ಕೆ ದಿನಗಳು ಬೇಕು. ಟೂ ಬಿಡಬೇಕು, ಬೇರೆ ಬೆಂಚಿನಲ್ಲಿ ಕೂರಬೇಕು, ಯಾರು ಮೊದಲು ಮಾತಾಡುವುದೆಂದು ಕಾಯಬೇಕು, ಒಂದು ಮಧ್ಯಾಹ್ನ ಹೇಗೋ ರಾಜಿಯಾಗಬೇಕು. ಎರಡು ಪುಟದ ನೀತಿಕತೆಯಲ್ಲಿ ಇದಕ್ಕೆಲ್ಲ ಜಾಗವೆಲ್ಲಿ? ಕನ್ನಡದಲ್ಲಿ ಇಂಥ ದೊಡ್ಡ ಬರವಣಿಗೆ ನಡೆದಿದೆ ಎಂಬುದು ಸಂತೋಷದ ಸಂಗತಿ. 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ, ಹೀಗೆ ಸತತ ಮೂರು ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದ ಮಕ್ಕಳ ಕಾದಂಬರಿಗಳಿಗೇ ಬಂತು. ಆದರೆ ನಾನು ಮಾತಾಡಿಸಿದ ಎಷ್ಟೋ ಶಿಕ್ಷಕರಿಗೆ ಈ ಹೆಸರುಗಳ ಪರಿಚಯವೇ ಇಲ್ಲ. ಅವರನ್ನು ದೂರಲಾರೆ. ಪುಸ್ತಕ ಅವರ ಕೈಗೆ ಬಂದರಲ್ಲವೇ!

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಮಕ್ಕಳ ಪುಟದಲ್ಲಿ ವಾರಕ್ಕೊಂದು ಅಧ್ಯಾಯದಂತೆ ಮಕ್ಕಳ ಕಾದಂಬರಿಯೊಂದನ್ನು ಧಾರಾವಾಹಿಯಾಗಿ ಪ್ರಕಟಿಸಿ. ಮುಂದೇನಾಯಿತೋ ಎಂದು ಮಕ್ಕಳು ಏಳು ದಿನ ಕಾಯಲಿ. ವಾರ್ಷಿಕೋತ್ಸವಗಳ ಕಾಲಕ್ಕೆ ಮೊದಲು, ಇಡೀ ತರಗತಿಗೆ ಪಾರ್ಟು ಸಿಗುವಂಥ ಒಂದೆರಡು ನಾಟಕಗಳನ್ನೂ ಅಚ್ಚು ಹಾಕಿ. ಬೇಸಿಗೆ ರಂಗಶಿಬಿರಗಳಿಗೆ ಹೋಗುವ ಅನುಕೂಲ ಎಲ್ಲ ಹಳ್ಳಿ ಮಕ್ಕಳಿಗೂ ಇರುವುದಿಲ್ಲ, ಆದರೆ ಪತ್ರಿಕೆ ಊರೂರಿಗೂ ಬರುತ್ತದೆ.

18 ಹಸುಗಳ ಆ ದೃಶ್ಯ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಯಾವ ಶಾಲೆಯವರು ಪತ್ರಿಕೆಯ ಮೂಲಕ ಕೇಳಿದರೂ ನಕಲು ಮಾಡಿ ಕಳಿಸಿಕೊಡುತ್ತೇನೆ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು